ದುಡ್ಡು ಬರೋಕೆ ಪಿನ್ ಯಾಕೆ? ಯುಪಿಐ ಹೊಸ ನಿಯಮಗಳ ಹಿಂದಿನ ಹಳೇ ಗೊಂದಲ

ಒಂದು ವರ್ಷದೊಳಗೆ ಯುಪಿಐ ನಿಯಮ ಎಷ್ಟು ಸಲ ಬದಲಾಯಿತು ಎಂದು ಲೆಕ್ಕ ಇಟ್ಟವರು ಕಡಿಮೆ. ದುಡ್ಡು ಕಳಿಸುವಾಗ ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಆ್ಯಪ್‌ಗಳಿಗೆ 2025ರ ಜೂನ್ 30ರ ಗಡುವು ಬಂತು. ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಜಾಸ್ತಿ ಬ್ಯಾಲೆನ್ಸ್ ನೋಡುವಂತಿಲ್ಲ ಎಂದಾಯಿತು. ಅಕ್ಟೋಬರ್ 1ರಿಂದ ಒಬ್ಬರು ಇನ್ನೊಬ್ಬರಿಗೆ ‘ಇಷ್ಟು ಕೊಡಿ’ ಎಂದು ಆ್ಯಪ್ ಮೂಲಕ ಕೇಳುವ ಸೌಲಭ್ಯವೇ ಹೋಯಿತು. ಅದಾಗಿ ಒಂದು ವಾರಕ್ಕೆ, ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ದುಡ್ಡು ಕಳಿಸಬಹುದು ಎಂಬ ಘೋಷಣೆ ಬಂತು. 2026ರ ಫೆಬ್ರುವರಿಯಲ್ಲಿ ಆರ್‌ಬಿಐ ಇನ್ನೊಂದು ಮಾತು ಹೇಳಿತು. ಕೆಲವು ಪಾವತಿಗಳನ್ನು ಬೇಕೆಂದೇ ತಡವಾಗಿ ಜಮೆ ಮಾಡುವುದು, ಹಿರಿಯ ನಾಗರಿಕರಂಥ ಕೆಲವು ಗ್ರಾಹಕರಿಗೆ ಇನ್ನೊಂದು ಹಂತದ ಪರಿಶೀಲನೆ ಸೇರಿಸುವುದು, ಇವುಗಳ ಬಗ್ಗೆ ಚರ್ಚಾಪತ್ರ ತರುತ್ತೇವೆ ಎಂದಿತು.

ಒಂದು ಕೈ ಬಾಗಿಲು ಅಗಲ ಮಾಡುತ್ತಿದೆ, ಇನ್ನೊಂದು ಕೈ ಚಿಲಕ ಹಾಕುತ್ತಿದೆ. ಸುಲಭ ಮಾಡುತ್ತಿದ್ದಾರೋ, ಕಷ್ಟ ಮಾಡುತ್ತಿದ್ದಾರೋ? ಗೊಂದಲ ಸಹಜ. ಈ ಐದರಲ್ಲಿ ಅಕ್ಟೋಬರ್ 1ರ ಬದಲಾವಣೆಯನ್ನು ಬಿಡಿಸಿ ನೋಡಿದರೆ ಉಳಿದದ್ದೂ ಅರ್ಥವಾಗುತ್ತದೆ.

ಏನು ನಿಂತಿತು, ಏನು ನಿಂತಿಲ್ಲ

ಯುಪಿಐ ಶುರುವಾದದ್ದು 2016ರ ಏಪ್ರಿಲ್ 11ರಂದು. ನಡೆಸುವುದು ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಮೊದಲಿನಿಂದಲೂ ಇದರಲ್ಲಿ ದುಡ್ಡು ಎರಡು ರೀತಿ ಹೋಗುತ್ತಿತ್ತು. ಒಂದು, ನೀವೇ ನಂಬರ್ ಹಾಕಿ ಅಥವಾ ಕ್ಯೂಆರ್ ಸ್ಕ್ಯಾನ್ ಮಾಡಿ ಕಳಿಸುವುದು. ಇನ್ನೊಂದು, ಎದುರಿನವರು ‘ನನಗೆ ಇಷ್ಟು ಕೊಡಿ’ ಎಂದು ಆ್ಯಪ್‌ನಲ್ಲಿ ಕೋರಿಕೆ ಕಳಿಸುವುದು, ನೀವು ಪಿನ್ ಹಾಕಿ ಒಪ್ಪುವುದು. ಈ ಎರಡನೆಯದಕ್ಕೆ ‘ಕಲೆಕ್ಟ್ ರಿಕ್ವೆಸ್ಟ್’ ಎಂಬ ಹೆಸರು.

2025ರ ಜುಲೈ 29ರ ಸುತ್ತೋಲೆಯಲ್ಲಿ ಎನ್‌ಪಿಸಿಐ ನಿಲ್ಲಿಸಿದ್ದು ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕಲೆಕ್ಟನ್ನು ಮಾತ್ರ. ಅಂಗಡಿ, ಕಂಪನಿಗಳು ಕಳಿಸುವ ಕೋರಿಕೆಯನ್ನು ಆ ಸುತ್ತೋಲೆ ಮುಟ್ಟಲಿಲ್ಲ. ಕ್ಯೂಆರ್ ಸ್ಕ್ಯಾನ್, ಮೊಬೈಲ್ ನಂಬರಿಗೆ ಕಳಿಸುವುದು, ಎಲ್ಲ ಇದ್ದ ಹಾಗೇ ಇದೆ.

ಈ ಸೌಲಭ್ಯ ಇದ್ದದ್ದು ಒಳ್ಳೆಯ ಉದ್ದೇಶಕ್ಕೇ. ನಾಲ್ವರು ಊಟ ಮಾಡಿ ಒಬ್ಬರು ಬಿಲ್ ಕೊಟ್ಟರೆ, ಉಳಿದ ಮೂವರ ಹತ್ತಿರ ಬಾಯಿಬಿಟ್ಟು ಕೇಳುವುದು ಮುಜುಗರ. ಆ ಮುಜುಗರದ ಕೆಲಸವನ್ನು ಆ್ಯಪ್ ಮಾಡಲಿ ಎಂಬ ಯೋಚನೆ. ಆದರೆ ಅದನ್ನು ಸ್ನೇಹಿತರಿಗಿಂತ ಚೆನ್ನಾಗಿ ಬಳಸಿಕೊಂಡವರು ಕಳ್ಳರು. ಹಾಗಾಗಿಯೇ ಒಂದು ಕೋರಿಕೆಗೆ 2,000 ರೂಪಾಯಿಯ ಮಿತಿ ಬಂತು. ಮಿತಿಯೂ ಸಾಲದೆ ಕೊನೆಗೆ ಬಾಗಿಲೇ ಮುಚ್ಚಿತು.

ಮೋಸ ನಡೆಯುತ್ತಿದ್ದ ರೀತಿ

ಹಳೇ ಮಂಚವೊಂದನ್ನು ಮಾರಲು ಯಾರೋ ಆನ್‌ಲೈನ್‌ನಲ್ಲಿ ಹಾಕಿದ್ದಾರೆ ಎಂದುಕೊಳ್ಳಿ. ಒಬ್ಬ ಫೋನ್ ಮಾಡುತ್ತಾನೆ. ಚೌಕಾಸಿ ಇಲ್ಲ, ನೋಡಲು ಬರುವ ಮಾತಿಲ್ಲ. ಹೇಳಿದ ರೇಟಿಗೇ ಸೈ. (ಹಳೇ ಮಂಚಕ್ಕೆ ಚೌಕಾಸಿ ಮಾಡದ ಗಿರಾಕಿ ಇದ್ದಾನೆಯೇ? ಅಲ್ಲೇ ಅನುಮಾನ ಬರಬೇಕಿತ್ತು, ಇರಲಿ.) ‘ಅಡ್ವಾನ್ಸ್ 2,000 ಕಳಿಸ್ತಿದೀನಿ, ನಿಮ್ಮ ಫೋನಿಗೆ ಬಂದಿದೆ ನೋಡಿ, ಪಿನ್ ಹಾಕಿ ತಗೊಳ್ಳಿ’ ಎನ್ನುತ್ತಾನೆ.

ಫೋನ್ ನೋಡಿದರೆ ನಿಜವಾಗಿಯೂ ಏನೋ ಬಂದಿದೆ. 2,000 ಎಂಬ ಅಂಕಿ ಇದೆ. ಕೋರಿಕೆಯ ಜೊತೆ ಟಿಪ್ಪಣಿ ಬರೆಯುವ ಜಾಗದಲ್ಲಿ ಅವನೇ ‘ಹಣ ಪಡೆಯಲು ಪಿನ್ ಹಾಕಿ’ ಎಂದು ಬರೆದಿರುತ್ತಾನೆ. ಅಂದರೆ ಆ್ಯಪ್‌ನ ಸ್ಕ್ರೀನ್ ಮೇಲೇ ಕಳ್ಳನ ಮಾತಿಗೆ ಜಾಗ ಸಿಕ್ಕಿದೆ. ಯಾವುದು ಆ್ಯಪ್ ಹೇಳಿದ್ದು, ಯಾವುದು ಎದುರಿನವನು ಬರೆದದ್ದು ಎಂದು ಗುರುತಿಸಲು ಓದುವವರಿಗೆ ಇರುವುದು ಕೆಲವೇ ಸೆಕೆಂಡು, ಅದೂ ಕಿವಿಯಲ್ಲಿ ಅವನ ಮಾತು ಹರಿಯುತ್ತಿರುವಾಗ. ಪಿನ್ ಒತ್ತಿದರು. ದುಡ್ಡು ಹೋಯಿತು.

ಇಂಥದ್ದನ್ನು ಓದಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ದುಡ್ಡು ಬರೋಕೆ ಪಿನ್ ಯಾಕೆ ಬೇಕು? ಅಷ್ಟೂ ಗೊತ್ತಾಗಲ್ವಾ?’

ಸಹಿ ಹಾಕಿದರೆ ದುಡ್ಡು ಸಿಗುವ ನಾಡು

ಗೊತ್ತಾಗುವುದಿಲ್ಲ. ಅದಕ್ಕೆ ಒಳ್ಳೆಯ ಕಾರಣವೂ ಇದೆ.

ನಮ್ಮಲ್ಲಿ ದುಡ್ಡು ಪಡೆಯುವಾಗಲೇ ಗುರುತು ಕೊಡಬೇಕು ಎಂಬುದು ತಲೆಮಾರುಗಳ ಅಭ್ಯಾಸ. ಮನಿ ಆರ್ಡರ್ ಬಂದರೆ ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡೇ ದುಡ್ಡು ಎಣಿಸುತ್ತಿದ್ದ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ವೃದ್ಧಾಪ್ಯ ವೇತನ ಕೈಗೆ ಬರುವಾಗಲೂ ಹೆಬ್ಬೆಟ್ಟು, ಕೂಲಿ ಬಟವಾಡೆಗೂ ಹೆಬ್ಬೆಟ್ಟು, ರೇಷನ್ ಅಕ್ಕಿಗೂ ಹೆಬ್ಬೆಟ್ಟು. ಊರಿಗೆ ಬರುವ ಬ್ಯಾಂಕ್ ಮಿತ್ರರ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ನೋಟು ಕೈಗೆ ಬರುತ್ತದೆ. ಪಿನ್ ಎಂಬ ಪದವನ್ನು ಬಹುಪಾಲು ಜನ ಕಲಿತದ್ದು ಎಟಿಎಂನಲ್ಲಿ. ಅಲ್ಲಿ ಏನಾಗುತ್ತದೆ? ಪಿನ್ ಒತ್ತಿದರೆ ದುಡ್ಡು ಹೊರಗೆ ಬರುತ್ತದೆ.

ಈ ಎಲ್ಲ ಅನುಭವ ಹೇಳುವುದು ಒಂದೇ ಪಾಠ: ನಾನು ಇಂಥವನು ಎಂದು ತೋರಿಸಿದರೆ ದುಡ್ಡು ಸಿಗುತ್ತದೆ. ಯುಪಿಐ ಹೇಳುವುದು ತದ್ವಿರುದ್ಧ: ಬರುವುದಕ್ಕೆ ಏನೂ ಬೇಡ, ಹೋಗುವುದಕ್ಕೆ ಗುರುತು ಬೇಕು. ಲೆಕ್ಕದ ದೃಷ್ಟಿಯಲ್ಲಿ ಇದೇ ಸರಿ. ಎಟಿಎಂನಲ್ಲೂ ಪಿನ್ ಹಾಕಿದಾಗ ಖಾತೆಯಿಂದ ದುಡ್ಡು ಹೋಗುತ್ತಲೇ ಇತ್ತು. ಆದರೆ ಕಣ್ಣಿಗೆ ಕಂಡದ್ದು ಕೈಗೆ ಬಂದ ನೋಟು ಮಾತ್ರ. ಖಾತೆ ಎಂಬ ಕಾಣದ ಡಬ್ಬಿಯಿಂದ ಅದು ಕಳೆಯಿತು ಎಂಬುದನ್ನು ಕಲ್ಪಿಸಿಕೊಳ್ಳಬೇಕು.

ಹಾಗಾಗಿ ಕಳ್ಳ ಹೊಸ ಸುಳ್ಳನ್ನೇನೂ ಹುಟ್ಟಿಸಲಿಲ್ಲ. ಜನರ ತಲೆಯಲ್ಲಿ ಮೊದಲೇ ಇದ್ದ ಚಿತ್ರಕ್ಕೆ ಹೊಂದುವ ಹಾಗೆ ಮಾತಾಡಿದ, ಅಷ್ಟೇ. ತಂತ್ರಜ್ಞಾನವನ್ನು ಕಟ್ಟುವವರು ಈ ಚಿತ್ರವನ್ನು ಕೇಳಿ ತಿಳಿದುಕೊಳ್ಳದಿದ್ದರೆ, ಕಳ್ಳರು ತಿಳಿದುಕೊಳ್ಳುತ್ತಾರೆ.

ಒಂದೇ ಪುಟಕ್ಕೆ ನಾಲ್ಕು ಅರ್ಥ

ಇನ್ನೊಂದು ಕಾರಣ ಪಿನ್ ಪುಟದ ಒಳಗೇ ಇದೆ. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್, ಯಾವ ಆ್ಯಪ್ ಬಳಸಿದರೂ ಪಿನ್ ಹಾಕುವ ಪುಟ ಹೆಚ್ಚುಕಡಿಮೆ ಒಂದೇ ಥರ ಕಾಣುವುದನ್ನು ಗಮನಿಸಿರಬಹುದು. ಅದು ಆ್ಯಪ್‌ನವರ ಪುಟ ಅಲ್ಲ. ಎನ್‌ಪಿಸಿಐ ಕೊಡುವ ತಂತ್ರಾಂಶದ ತುಣುಕು ಅದು, ಎಲ್ಲ ಆ್ಯಪ್‌ಗಳೂ ಅದನ್ನೇ ಕೂರಿಸಿಕೊಳ್ಳಬೇಕು. ಕಾರಣ ಸರಳ. ನಿಮ್ಮ ಪಿನ್ ಆ್ಯಪ್ ಕಂಪನಿಗೆ ಸಿಗಬಾರದು, ಗೂಢಲಿಪಿಯಾಗಿ ನೇರ ಬ್ಯಾಂಕಿಗೆ ಹೋಗಬೇಕು. ಭದ್ರತೆಗೆ ಇದು ಒಳ್ಳೆಯ ಏರ್ಪಾಡು.

ಆದರೆ ಈ ಒಂದೇ ಪುಟ ಎಷ್ಟು ಕೆಲಸಕ್ಕೆ ಬರುತ್ತಿತ್ತು ನೋಡಿ. ದುಡ್ಡು ಕಳಿಸಲು ಪಿನ್. ಯಾರೋ ಕಳಿಸಿದ ಕೋರಿಕೆ ಒಪ್ಪಲು ಪಿನ್. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಆಟೋಪೇಗೆ ಅನುಮತಿ ಕೊಡಲು ಪಿನ್. ಸುಮ್ನೆ ಬ್ಯಾಲೆನ್ಸ್ ನೋಡಲೂ ಪಿನ್!

ಕೊನೆಯದೇ ನಿಜವಾದ ತೊಡಕು. ‘ಪಿನ್ ಹಾಕಿದರೆ ದುಡ್ಡು ಹೋಗುತ್ತದೆ’ ಎಂದು ಬ್ಯಾಂಕುಗಳು ಎಷ್ಟೇ ಸಾರಿದರೂ, ಬ್ಯಾಲೆನ್ಸ್ ನೋಡಿದಾಗಲೆಲ್ಲ ಆ ಪಾಠ ಸುಳ್ಳಾಗುತ್ತದೆ. ಪಿನ್ ಹಾಕಿದೆ, ದುಡ್ಡು ಹೋಗಲಿಲ್ಲ, ಬರೀ ಅಂಕಿ ಕಂಡಿತು. ಹಾಗಾದರೆ ಪಿನ್ ಎಂದರೆ ‘ಕೊಡುತ್ತೇನೆ’ ಅಲ್ಲ, ‘ಇದು ನಾನೇ’ ಎಂದಷ್ಟೇ. ಬೆರಳುಗಳು ಕಲಿಯುವುದು ಅದನ್ನೇ.

2024ರ ಕೊನೆಯಲ್ಲಿ ಹರಡಿದ ‘ಜಂಪ್ಡ್ ಡೆಪಾಸಿಟ್’ ಭಯವನ್ನು ನೆನಪಿಸಿಕೊಳ್ಳಿ. ಯಾರೋ ನಿಮ್ಮ ಖಾತೆಗೆ ಸಣ್ಣ ಮೊತ್ತ ಹಾಕುತ್ತಾರೆ, ಹಿಂದೆಯೇ ದೊಡ್ಡ ಮೊತ್ತದ ಕೋರಿಕೆ ಕಳಿಸುತ್ತಾರೆ, ಬಂದ ದುಡ್ಡು ನೋಡೋಣ ಎಂದು ನೀವು ಬ್ಯಾಲೆನ್ಸಿಗೆ ಪಿನ್ ಹಾಕಿದರೆ ಆ ಕೋರಿಕೆ ಪಾಸಾಗುತ್ತದೆ ಎಂಬ ಸುದ್ದಿ. ಹಾಗೆ ಆಗುವುದಿಲ್ಲ, ಕೋರಿಕೆಯನ್ನು ನೀವೇ ಆರಿಸಿ ಒಪ್ಪಬೇಕು ಎಂದು ಎನ್‌ಪಿಸಿಐ ಸ್ಪಷ್ಟನೆ ಕೊಡಬೇಕಾಯಿತು. ತಾಂತ್ರಿಕವಾಗಿ ಎನ್‌ಪಿಸಿಐ ಹೇಳಿದ್ದು ಸರಿ. ಆದರೆ ಆ ವದಂತಿಯನ್ನು ಅಷ್ಟು ಜನ ನಂಬಿದ್ದು ಯಾಕೆ? ಎರಡೂ ಕೆಲಸಕ್ಕೆ ಒಂದೇ ಪುಟ ತೆರೆಯುತ್ತದೆ ಎಂಬುದು ಅವರು ದಿನವೂ ಕಣ್ಣಾರೆ ಕಂಡ ಸತ್ಯವಾಗಿತ್ತು.

ಪಿನ್ ಪುಟದಲ್ಲಿ ಮೊತ್ತ, ಹೆಸರು, ಎಚ್ಚರಿಕೆಯ ಸಾಲು ಇಲ್ಲ ಎಂದಲ್ಲ. ಇರುತ್ತವೆ. ಆದರೆ ದಿನಕ್ಕೆ ಹತ್ತು ಸಲ ಕಾಣುವ ಪುಟವನ್ನು ಯಾರೂ ಓದುವುದಿಲ್ಲ. ಕೈ ತಾನಾಗಿ ನಾಲ್ಕೋ ಆರೋ ಅಂಕಿ ಒತ್ತಿಬಿಡುತ್ತದೆ.

‘ಕಲೆಕ್ಟ್ ಮಾಡ್ಕೊಳ್ಳಿ’

ಭಾಷೆಯ ಪಾಲನ್ನೂ ಹೇಳಬೇಕು. ನಮ್ಮ ದಿನದ ಮಾತಿನಲ್ಲಿ ‘ಪಾರ್ಸೆಲ್ ಕಲೆಕ್ಟ್ ಮಾಡ್ಕೊಳ್ಳಿ’ ಎಂದರೆ ಬಂದು ತೆಗೆದುಕೊಳ್ಳಿ ಎಂದರ್ಥ. ಹಾಗಿರುವಾಗ ‘ನಿಮಗೆ ಕಲೆಕ್ಟ್ ರಿಕ್ವೆಸ್ಟ್ ಬಂದಿದೆ’ ಎಂದರೆ ಏನು ಕೇಳಿಸಬೇಕು? ನನ್ನದೇನೋ ಅಲ್ಲಿದೆ, ಹೋಗಿ ತಗೊಳ್ಳಬೇಕು ಎಂದೇ. ಇಲ್ಲಿ ಕಲೆಕ್ಟ್ ಮಾಡುವವರು ಎದುರಿನವರು. ಹೆಸರಿಟ್ಟಿದ್ದು ವ್ಯವಸ್ಥೆಯ ಒಳಗೆ ನಿಂತು ನೋಡುವವರು, ಓದುವುದು ಹೊರಗೆ ನಿಂತವರು.

ಆ್ಯಪ್ ಕನ್ನಡದಲ್ಲಿದ್ದರೆ ಬೇರೊಂದು ಸಮಸ್ಯೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ರಮೇಶ್ ಅವರು ನಿಮ್ಮಿಂದ 2,000 ರೂಪಾಯಿ ಕೇಳಿದ್ದಾರೆ’ ಎಂಬ ಸಾಲಿನಲ್ಲಿ ಮುಖ್ಯ ಮಾತು ಕೊನೆಯದು. ಲಾಕ್ ಸ್ಕ್ರೀನ್ ಮೇಲೆ ಜಾಗ ಸಾಲದೆ ಸಾಲು ತುಂಡಾದರೆ ಉಳಿಯುವುದು ಒಂದು ಹೆಸರು, ಒಂದು ಮೊತ್ತ. ಕೊಟ್ಟರೋ, ಕೇಳಿದರೋ? ಕಾಣದು. ಇಂಗ್ಲಿಷಿನಲ್ಲಿ ಯೋಚಿಸಿದ ಸಾಲನ್ನು ಹಾಗೇ ಕನ್ನಡ ಮಾಡಿದರೆ ಹೀಗಾಗುತ್ತದೆ. ‘ಕೇಳಿಕೆ: 2,000 ರೂಪಾಯಿ’ ಎಂದು ಮೊದಲ ಪದದಲ್ಲೇ ವಿಷಯ ಇಡುವುದು ಅಂಥ ದೊಡ್ಡ ವಿದ್ಯೆಯೇನಲ್ಲ.

ತಪ್ಪು ಯಾರದ್ದು ಎಂಬ ಜಗಳ

ಇಷ್ಟು ವರ್ಷ ಬ್ಯಾಂಕುಗಳು, ಪೊಲೀಸರು ಹಿಡಿದ ದಾರಿ ಜಾಗೃತಿಯದ್ದು. ‘ಆರ್‌ಬಿಐ ಕೆಹ್ತಾ ಹೈ’ ಜಾಹೀರಾತು, ಎಸ್‌ಎಂಎಸ್ ಎಚ್ಚರಿಕೆ, ಮೋಸ ಹೋದರೆ 1930ಕ್ಕೆ ಫೋನ್ ಮಾಡಿ ಎಂಬ ಪ್ರಚಾರ. ಇದರಿಂದ ಪ್ರಯೋಜನ ಇಲ್ಲ ಎನ್ನಲಾಗದು. ಆದರೆ ಹಣಕಾಸು ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕ ನೋಡಿ. 2022-23ರಲ್ಲಿ ಯುಪಿಐ ವಂಚನೆ ಪ್ರಕರಣ 7.25 ಲಕ್ಷ, ಹೋದ ದುಡ್ಡು 573 ಕೋಟಿ. ಮರುವರ್ಷ 13.42 ಲಕ್ಷ ಪ್ರಕರಣ, 1,087 ಕೋಟಿ. ಇದರಲ್ಲಿ ಕಲೆಕ್ಟ್ ಮೋಸ ಒಂದೇ ಅಲ್ಲ, ಎಲ್ಲ ಬಗೆಯದ್ದೂ ಸೇರಿದೆ. ವ್ಯವಹಾರವೂ ಆ ಹೊತ್ತಿಗೆ ವೇಗವಾಗಿ ಬೆಳೆಯುತ್ತಿತ್ತು. ಆದರೂ ಜಾಹೀರಾತು ಈ ಓಟವನ್ನು ಹಿಡಿಯಲಿಲ್ಲ ಎನ್ನುವುದು ಸ್ಪಷ್ಟ.

ಜಾಗೃತಿಯ ವಾದಕ್ಕೆ ಒಂದು ಕಾನೂನಿನ ಬೆನ್ನೆಲುಬೂ ಇದೆ. ಗ್ರಾಹಕರ ಹೊಣೆ ಎಷ್ಟು ಎಂದು ಹೇಳುವ ಆರ್‌ಬಿಐನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ನಷ್ಟವಾದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕರದ್ದೇ. ಕಲೆಕ್ಟ್ ಮೋಸದಲ್ಲಿ ಪಿನ್ ಒತ್ತಿದ್ದು ಗ್ರಾಹಕರ ಬೆರಳೇ. ‘ನೀವೇ ಒಪ್ಪಿದ್ದೀರಿ’ ಎಂದರೆ ಮಾತು ಮುಗಿಯಿತು. ಇದರ ಪರಿಣಾಮ ಸೂಕ್ಷ್ಮ. ನಷ್ಟ ಬ್ಯಾಂಕಿನದ್ದಾದರೆ ಸ್ಕ್ರೀನ್ ಬೇಗ ಸರಿಹೋಗುತ್ತದೆ. ನಷ್ಟ ಬಳಸುವವರದ್ದಾದರೆ, ಕಳಪೆ ಸ್ಕ್ರೀನ್ ವರ್ಷಗಟ್ಟಲೆ ಉಳಿದರೂ ಕಟ್ಟಿದವರಿಗೆ ಬಿಸಿ ತಟ್ಟುವುದಿಲ್ಲ.

ಇನ್ನೊಂದು ಕಡೆ, ಸೌಲಭ್ಯವನ್ನೇ ಕಿತ್ತುಹಾಕಿದ್ದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎನ್ನುವವರೂ ಇದ್ದಾರೆ. ಪರಿಚಯದವರಿಂದ ಮಾತ್ರ ಕೋರಿಕೆ ಬರುವ ಹಾಗೆ ಮಾಡಬಹುದಿತ್ತು, ಕೆಂಪು ಬಣ್ಣದ ಬೇರೆ ಪುಟ ಕೊಡಬಹುದಿತ್ತು, ಟಿಪ್ಪಣಿಯ ಜಾಗ ತೆಗೆಯಬಹುದಿತ್ತು ಎಂಬುದು ಅವರ ವಾದ. ಮಾತು ಸರಿಯೇ. ಆದರೆ ಇವೆಲ್ಲ ಹತ್ತಾರು ಆ್ಯಪ್‌ಗಳಲ್ಲಿ, ಹತ್ತಾರು ಭಾಷೆಗಳಲ್ಲಿ ಒಂದೇ ಥರ ಬರಬೇಕು. ಬಿಲ್ ಹಂಚಿಕೊಳ್ಳುವವರಿಗೆ ಒಂದು ವಾಟ್ಸ್‌ಆ್ಯಪ್ ಮೆಸೇಜು ಸಾಕು. ಉಳಿಯುವ ಅನುಕೂಲ ಸಣ್ಣದು, ಹೋಗುವ ದುಡ್ಡು ದೊಡ್ಡದು. ಈ ತಕ್ಕಡಿಯಲ್ಲಿ ತೆಗೆದುಹಾಕಿದ್ದೇ ಸರಿ. ಇಷ್ಟು ತಡವಾದದ್ದು ಮಾತ್ರ ಸರಿಯಲ್ಲ.

ಮಾತಾಡುವ ಡಬ್ಬಿ ಗೆದ್ದದ್ದು ಯಾಕೆ

ಇದೇ ಯುಪಿಐ ಜಗತ್ತಿನಲ್ಲಿ ಯಾರಿಗೂ ತರಬೇತಿ ಬೇಕಾಗದ ಒಂದು ವಸ್ತುವಿದೆ. ಅಂಗಡಿಗಳಲ್ಲಿ ‘ಇಪ್ಪತ್ತು ರೂಪಾಯಿ ಬಂದಿದೆ’ ಎಂದು ಕೂಗುವ ಸೌಂಡ್‌ಬಾಕ್ಸ್.

ದೋಸೆ ಹಾಕುತ್ತಿರುವವರ ಕೈ ಹಿಟ್ಟಾಗಿರುತ್ತದೆ. ಹೂವು ಕಟ್ಟುವವರ ಕಣ್ಣು ದಾರದ ಮೇಲಿರುತ್ತದೆ. ಫೋನ್ ತೆಗೆದು ಎಸ್‌ಎಂಎಸ್ ನೋಡಲು ಪುರುಸೊತ್ತಿಲ್ಲ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಿಜವೋ, ಮೊನ್ನೆಯದ್ದೋ ಹೇಳಲಾಗದು. ಡಬ್ಬಿ ಈ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಬಗೆಹರಿಸಿತು, ಅದೂ ಕನ್ನಡದಲ್ಲಿ. ಮುಖ್ಯವಾಗಿ, ಅದು ಬಾಯಿ ಬಿಡುವುದು ದುಡ್ಡು ಬಂದಾಗ ಮಾತ್ರ. ಹೋದದ್ದರ ಸುದ್ದಿ, ಕೋರಿಕೆಯ ಸುದ್ದಿ, ಬ್ಯಾಲೆನ್ಸಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಅರ್ಥ ಒಂದೇ ಆದ್ದರಿಂದ ಗೊಂದಲಕ್ಕೆ ಜಾಗವೇ ಇಲ್ಲ. ಪಿನ್ ಪುಟದಲ್ಲಿ ಇಲ್ಲದ್ದು ಇದೇ ಗುಣ. ಡಬ್ಬಿಗೆ ತಿಂಗಳ ಬಾಡಿಗೆ ಇದ್ದರೂ ಅಂಗಡಿಯವರು ಕೊಡುತ್ತಿದ್ದಾರೆ ಎಂದರೆ, ಆ ಸ್ಪಷ್ಟತೆಗೆ ಅವರ ಲೆಕ್ಕದಲ್ಲಿ ಬೆಲೆ ಇದೆ ಎಂದಾಯಿತು.

ಬೆರಳಚ್ಚು ಬಂದ ಮೇಲೆ

ಈಗ ಬೆರಳು ಮತ್ತು ಮುಖದ ಸರದಿ. ಪಿನ್ ಮರೆಯುವ ವಯಸ್ಸಾದವರಿಗೆ ಇದು ವರ. ಪಕ್ಕದವರು ಕದ್ದು ನೋಡುವ ಭಯವೂ ಇಲ್ಲ. ಸದ್ಯಕ್ಕೆ ಇದು ಇಷ್ಟವಿದ್ದವರಿಗೆ ಮಾತ್ರ.

ಆದರೆ ಮೇಲಿನ ಸಮಸ್ಯೆ ಇಲ್ಲಿ ಕರಗುವುದಿಲ್ಲ, ಗಟ್ಟಿಯಾಗುತ್ತದೆ. ಪಿನ್ ಒತ್ತಲು ಎರಡು ಮೂರು ಸೆಕೆಂಡಾದರೂ ಬೇಕಿತ್ತು. ಆ ಹೊತ್ತಿನಲ್ಲಿ ‘ಅಯ್ಯೋ, ಇದೇನಿದು’ ಎನ್ನಿಸುವ ಅವಕಾಶ ಇತ್ತು. ಬೆರಳಿಡುವುದು ಅರೆಕ್ಷಣದ ಕೆಲಸ. ಮೇಲಾಗಿ ಅದೇ ಬೆರಳಿನಿಂದ ದಿನಕ್ಕೆ ಹತ್ತಾರು ಸಲ ಫೋನ್ ಅನ್‌ಲಾಕ್ ಮಾಡುತ್ತೇವೆ. ಪಿನ್ ಪುಟಕ್ಕೆ ನಾಲ್ಕು ಅರ್ಥ ಇತ್ತು, ಬೆರಳಿಗೆ ಲೆಕ್ಕವೇ ಇಲ್ಲ.

ಮುಖದ ವಿಚಾರದಲ್ಲಿ ಒಂದು ಎಚ್ಚರಿಕೆ ಆಗಲೇ ಬಂದಿದೆ. ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ ಮಾಡುವಾಗ ಕಣ್ಣು ಮಿಟುಕಿಸಿ ಎನ್ನುವ ವ್ಯವಸ್ಥೆ ಆ್ಯಸಿಡ್ ದಾಳಿಗೆ ತುತ್ತಾಗಿ ರೆಪ್ಪೆ ಆಡಿಸಲಾಗದವರನ್ನು ಹೊರಗೆ ನಿಲ್ಲಿಸಿತು. ಅವರೂ ದೃಷ್ಟಿಹೀನರೊಬ್ಬರೂ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಒಂದೇ ದಾರಿ ಇಟ್ಟು ಎಲ್ಲರೂ ಇದರಲ್ಲೇ ಬನ್ನಿ ಎನ್ನುವಂತಿಲ್ಲ.

ಇನ್ನು ತಡದ ಸರದಿ

ಕಲೆಕ್ಟ್ ಮುಚ್ಚಿದ ಮೇಲೆ ಕಳ್ಳರು ಬೇರೆ ಬಾಗಿಲು ನೋಡುತ್ತಾರೆ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿದರೆ ದುಡ್ಡು ಬರುತ್ತೆ’ ಎಂಬುದು ಹಳೇ ಸುಳ್ಳಿನ ಇನ್ನೊಂದು ರೂಪ. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದಾಗಲಂತೂ ಜನ ತಾವಾಗೇ ಕಳಿಸುತ್ತಾರೆ. ಇಲ್ಲಿ ದಿಕ್ಕಿನ ಗೊಂದಲ ಇಲ್ಲ, ಭಯ ಇದೆ. ಬ್ಯಾಂಕ್ ಖಾತೆಯ ಹೆಸರು ತೋರಿಸುವ ನಿಯಮ ಇಂಥಲ್ಲಿ ಸ್ವಲ್ಪ ನೆರವಾಗಬಹುದು: ‘ಪೊಲೀಸ್ ಇಲಾಖೆ’ ಎಂದವನ ಖಾತೆಯಲ್ಲಿ ಯಾವುದೋ ವ್ಯಕ್ತಿಯ ಹೆಸರು ಕಂಡರೆ ಕೈ ಒಂದು ಕ್ಷಣ ತಡೆಯುತ್ತದೆ. ಆರ್‌ಬಿಐ ಹೇಳುತ್ತಿರುವ ತಡದ ಜಮೆ ಆ ಒಂದು ಕ್ಷಣವನ್ನು ಇನ್ನಷ್ಟು ಹಿಗ್ಗಿಸುವ ಪ್ರಯತ್ನ. ಭಯ ಇಳಿದು, ಮನೆಯವರ ಹತ್ತಿರ ಮಾತಾಡಿ, ತಡೆಯಲು ಸಮಯ ಸಿಗಲಿ ಎಂಬುದು ಉದ್ದೇಶ.

ಉದ್ದೇಶ ಒಳ್ಳೆಯದೇ. ಆದರೆ ಇಲ್ಲಿಯವರೆಗೆ ಯುಪಿಐನಲ್ಲಿ ಜನರ ಪಾಲಿಗೆ ಸಾಮಾನ್ಯವಾಗಿ ಇದ್ದದ್ದು ಎರಡೇ ಸ್ಥಿತಿ: ಹೋಯಿತು, ಬಂತು. ತಡ ಬಂದರೆ ಮೂರನೆಯದು ಹುಟ್ಟುತ್ತದೆ: ಇಲ್ಲಿಂದ ಹೊರಟಿದೆ, ಅಲ್ಲಿಗೆ ಸೇರಿಲ್ಲ. ಅದನ್ನು ಕಳಿಸಿದವರ ಸ್ಕ್ರೀನ್ ಹೇಗೆ ಹೇಳುತ್ತದೆ, ಪಡೆಯುವವರ ಸ್ಕ್ರೀನ್ ಹೇಗೆ ಹೇಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಇವತ್ತು ದುಡ್ಡು ಬಂತಾ ಇಲ್ವಾ ಎಂದು ಮಾರುವವರಿಗೆ ತಕ್ಷಣ ಗೊತ್ತಾಗುತ್ತದೆ. ನಾಳೆ ಹಳೇ ಮಂಚ ಕೊಳ್ಳಲು ಬಂದವನು ‘ಕಳಿಸಿದ್ದೀನಿ ಸಾರ್, ಹೊಸ ರೂಲ್ಸ್ ಬಂದಿದೆಯಲ್ಲ, ಜಮೆ ಆಗೋಕೆ ಸ್ವಲ್ಪ ಹೊತ್ತಾಗುತ್ತೆ’ ಎಂದು ಆಟೋಗೆ ಮಂಚ ಏರಿಸಬಹುದು. ತಡದ ಅವಧಿಯಲ್ಲಿ ಪಾವತಿ ರದ್ದು ಮಾಡಲು ಬಿಟ್ಟರೆ, ದಾರಿಯಲ್ಲೇ ರದ್ದು ಮಾಡಲೂಬಹುದು. ವೈಯಕ್ತಿಕ ಖಾತೆಗೇ ದುಡ್ಡು ಪಡೆಯುವ ಸಣ್ಣ ವ್ಯಾಪಾರಿಗಳಿಗೂ ಇದೇ ಪಾಡು.

ಅಂಗಡಿಯ ಡಬ್ಬಿಗೆ ಇಲ್ಲಿಯ ತನಕ ‘ಬಂದಿದೆ’ ಎಂಬ ಒಂದೇ ಮಾತು ಗೊತ್ತು. ದಾರಿಯಲ್ಲಿರುವ ದುಡ್ಡಿಗೂ ಅದು ಬಾಯಿ ಬಿಡಬೇಕೋ, ಸುಮ್ಮನಿರಬೇಕೋ? ಚರ್ಚಾಪತ್ರ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.